ಹೊಳೆ ಡಿಪೋದ ಕೆಂಪು ಸಾಲು

ಸೆಪ್ಟೆಂಬರ್ 1, ಸೋಮವಾರ. ಸಂಜೆ 7

ಆಫೀಸಿನಿಂದ ಬಂದು ಅರ್ಧ ಗಂಟೆ. ಇಪ್ಪತ್ತನಾಲ್ಕನೆಯ ವ್ಯೂ ಮುಗಿಯಿತು. ತೆರೆಯಲು ಎರಡು ಸೆಕೆಂಡ್. ಇಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ.

ಅಕ್ಕ ಮತ್ತೆ ಕೇಳಿದಳು, ವ್ಯೂ ಅಂದರೇನು ಎಂದು. ಕಂಪನಿಯ ಮಾಹಿತಿಯೆಲ್ಲ ಒಂದು ದೊಡ್ಡ ಗೋದಾಮಿನಲ್ಲಿ ರಾಶಿ ಬಿದ್ದಿದೆ ಅಂದುಕೋ, ವ್ಯೂ ಅಂದರೆ ಅದರ ಗೋಡೆಗೆ ಕೊರೆದ ಕಿಟಕಿ, ಎಲ್ಲಿ ಕೊರೆಯಬೇಕು, ಯಾವ ಅಳತೆ ಎಂದು ನೋಡುವುದು ನನ್ನ ಕೆಲಸ ಎಂದೆ.

"ಅಂದ್ರೆ ನೀನು ಗಾರೆ ಕೆಲಸದೋನು."

ಮೂವತ್ತೆರಡು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ಯಾವುದನ್ನೂ ಒಂದು ಸಾಲಿಗೆ ಇಳಿಸದೆ ಬಿಡುವುದಿಲ್ಲ.

ಇವತ್ತಿನ ಕಿಟಕಿ: ಲಿಫ್ಟ್ ಕೆಟ್ಟರೆ ಸರಿಪಡಿಸಲು ಯಾವ ಡಿಪೋಗೆ ಸರಾಸರಿ ಎಷ್ಟು ಹೊತ್ತು. ನಾವು ಲಿಫ್ಟ್ ಮಾಡುವವರಲ್ಲ, ನೋಡಿಕೊಳ್ಳುವವರು. ಎರಡು ಸಾವಿರದ ಮುನ್ನೂರು ಲಿಫ್ಟ್, ನಾಲ್ಕು ಡಿಪೋ. ಸಾಲುಗಳಲ್ಲಿ ಡಿಪೋ, ಕಾಲಂಗಳಲ್ಲಿ ತಿಂಗಳು. ಫಿಲ್ಟರ್: ಬ್ರೇಕ್‌ಡೌನ್ ಕಂಪ್ಲೇಂಟ್ ಮಾತ್ರ. ಅಳತೆ: ಕಂಪ್ಲೇಂಟ್ ದಾಖಲಾದ ನಿಮಿಷದಿಂದ ಮೆಕ್ಯಾನಿಕ್ ತನ್ನ ಫೋನಿನಲ್ಲಿ 'ಕ್ಲೋಸ್' ಒತ್ತಿದ ನಿಮಿಷದವರೆಗೆ. ಎರಡು ಗಂಟೆ ಮೀರಿದರೆ ಕೆಂಪು.

ಜುಲೈ, ಆಗಸ್ಟ್ ಸೇರಿ— ಸಿಟಿ ಡಿಪೋ 52 ನಿಮಿಷ. ಸ್ಟೇಷನ್ ಡಿಪೋ 1 ಗಂಟೆ 8. ಗುಡ್ಡ ಡಿಪೋ 1 ಗಂಟೆ 25. ಹೊಳೆ ಡಿಪೋ 6 ಗಂಟೆ 40.

ಮೂರು ಸಾಲು ಹಸಿರು, ಕೊನೆಯದು ಕಡು ಕೆಂಪು. 26ಕ್ಕೆ ಮೀಟಿಂಗ್. ಕೊನೆಯ ಸ್ಥಾನದ ಡಿಪೋವನ್ನು ಮುಚ್ಚಿ ಸಿಟಿಗೆ ಸೇರಿಸುವುದು ಎಂದು ಹಿಂದಿನ ತಿಂಗಳೇ ತೀರ್ಮಾನವಾಗಿದೆ. ಹೊಳೆ ಡಿಪೋದಲ್ಲಿ ಹತ್ತೊಂಬತ್ತು ಮೆಕ್ಯಾನಿಕ್‌ಗಳು. ಸಿಟಿಯಲ್ಲಿ ಖಾಲಿ ಇರುವುದು ಏಳು ಜಾಗ. ಉಳಿದ ಹನ್ನೆರಡು ಜನ...

ಅದು ನನ್ನ ವಿಷಯವಲ್ಲ. ಕಿಟಕಿ ನೇರವಾಗಿದೆ.

ಲೈಬ್ರರಿ ಪುಸ್ತಕ 212ನೆಯ ಪುಟ. ಹಿಮದೂರಿನಲ್ಲಿ ಅಂಚೆ ಹಂಚುವವನ ಕಥೆ, ಎರಡು ಭಾಷೆ ದಾಟಿ ಕನ್ನಡಕ್ಕೆ ಬಂದದ್ದು. ಅನುವಾದಕರು ಪದೇ ಪದೇ ಅಡಿಟಿಪ್ಪಣಿಯಲ್ಲಿ ನಿಲ್ಲಿಸಿ ಹೇಳುತ್ತಾರೆ: ಈ ಪದಕ್ಕೆ ನಮ್ಮಲ್ಲಿ ಸರಿಸಮ ಇಲ್ಲ, ಹತ್ತಿರದ್ದು ಇಟ್ಟಿದ್ದೇನೆ. ಅಂಥವರನ್ನು ನಂಬುತ್ತೇನೆ.

ಸೆಪ್ಟೆಂಬರ್ 2

ಆಪರೇಷನ್ಸ್ ಮ್ಯಾನೇಜರ್ ವ್ಯೂ ನೋಡಿದರು. ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಅವರನ್ನು ಸ್ಟಾಪ್‌ವಾಚ್ ಎನ್ನುತ್ತಾರೆ. ನಾನು ಈ ಡೈರಿಯಲ್ಲಿ ಮಾತ್ರ.

"ಕೆಂಪು ಇನ್ನೂ ಸ್ವಲ್ಪ ಗಾಢ ಆಗುತ್ತಾ?"

"ಆಗುತ್ತೆ ಸಾರ್. ಆದ್ರೆ ಅಂಕಿ ಕಾಣಲ್ಲ."

"ಹಾಗಾದ್ರೆ ಬೇಡ. ಅಂಕಿ ಕಾಣ್ಲೇಬೇಕು. ನಾನು ಯಾರನ್ನೂ ಬಾಯಿ ಬಿಟ್ಟು ಬೈಯೋದಿಲ್ಲ ನೋಡಿ. ನಂಬರ್ ಬೈಕೊಳ್ಲಿ."

ವ್ಯೂನ ಫಿಲ್ಟರ್, ಅಳತೆ ಬರೆದ ವಿವರಣಾ ಪತ್ರಕ್ಕೆ ಸಹಿ ಹಾಕಿದರು. ಇನ್ನು ಈ ವ್ಯೂನ ಒಂದು ಗೆರೆಯನ್ನೂ ಅವರ ಸಹಿ ಇಲ್ಲದೆ ಅಲುಗಿಸುವಂತಿಲ್ಲ. ಒಳ್ಳೆಯ ನಿಯಮ. ನಾನೇ ಕೇಳಿ ಮಾಡಿಸಿದ್ದು.

ಸೆಪ್ಟೆಂಬರ್ 4, ಗುರುವಾರ. ಸಂಜೆ 6.30

ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿತು.

ನಾನು ಹೊರಟ ಮೇಲೆ. ಅಕ್ಕ ಎಂಟೂವರೆಗೆ ನಡೆಯಲು ಕೆಳಗಿಳಿದಿದ್ದಳು— ಮಂಡಿ ಆಪರೇಷನ್ ಆಗಿ ಮೂರು ತಿಂಗಳು, ದಿನಾ ಅರ್ಧ ಗಂಟೆ ಸಮತಟ್ಟು ನೆಲದ ಮೇಲೆ ನಡೆಯಬೇಕು, ಮೆಟ್ಟಿಲು ಹತ್ತಬಾರದು. ವಾಪಸು ಬಂದರೆ ಲಿಫ್ಟ್ ಕಲ್ಲು. ಮನೆ ಐದನೆಯ ಮಹಡಿ. 9.10ಕ್ಕೆ ತಾನೇ ಕಂಪನಿಗೆ ಫೋನ್ ಮಾಡಿದಳು. ನೆಲಮಹಡಿಯ ಟೈಲರಮ್ಮ ಒಳಗೆ ಕರೆದು ಕೂರಿಸಿದರು.

ಹತ್ತಕ್ಕೆ ಆಫೀಸಿನಲ್ಲಿ ವ್ಯೂ ತೆರೆದೆ. ಸಿಟಿ ಡಿಪೋದ ಅಂಕಿಯ ಮೇಲೆ ಒತ್ತಿದರೆ ಕೆಳಗಿನ ಒಂದೊಂದು ಕಂಪ್ಲೇಂಟೂ ಬಿಚ್ಚಿಕೊಳ್ಳುತ್ತದೆ. ನಮ್ಮ ಕಟ್ಟಡ ಸಿಕ್ಕಿತು. ದಾಖಲು 9.10, ಕ್ಲೋಸ್ 9.34. ಇಪ್ಪತ್ತನಾಲ್ಕು ನಿಮಿಷ. ಹಸಿರು. ಸಣ್ಣ ಹೆಮ್ಮೆಯಿಂದ ಅಕ್ಕನಿಗೆ ಫೋನ್ ಮಾಡಿದೆ.

"ಸರಿಹೋಯ್ತಲ್ಲ."

"ಯಾವುದು?"

"ಲಿಫ್ಟು."

"ನಿನ್ನ ಕಂಪ್ಯೂಟರ್ನಲ್ಲಿ ಸರಿಹೋಗಿರ್ಬೇಕು. ಇಲ್ಲಿ ಬಾಗಿಲಿಗೆ ಬೋರ್ಡ್ ನೇತುಹಾಕಿ ಹೋಗಿದಾನೆ. ನಾನು ಟೈಲರಮ್ಮನ ಮನೇಲಿ ಶರ್ಟಿಗೆ ಗುಂಡಿ ಹೊಲೀತಾ ಕೂತಿದೀನಿ. ಹನ್ನೆರಡು ಗುಂಡಿ ಆಯ್ತು. ನಿಂದೆಷ್ಟು?"

ಮಾಹಿತಿ ಬರುವುದು ತಡವಾಗಿರಬಹುದು ಎಂದುಕೊಂಡೆ. ತಡವಾದರೆ ಕ್ಲೋಸ್ ಆಗದೆ ಉಳಿಯಬೇಕು, ಮುಂಚೆ ಕ್ಲೋಸ್ ಆಗಬಾರದು. ಇದು ಹೊಳೆದದ್ದು ಸಂಜೆ, ಮೂರನೆಯ ಮಹಡಿಯ ಮೆಟ್ಟಿಲ ಮೇಲೆ, ಅಕ್ಕನ ಮಾತ್ರೆ ತರಲು ಹತ್ತುತ್ತಿದ್ದಾಗ.

ಅಕ್ಕ ಇವತ್ತು ಕೆಳಗೇ ಮಲಗುತ್ತಾಳೆ.

ಸೆಪ್ಟೆಂಬರ್ 5. ಸಂಜೆ

ಲಿಫ್ಟ್ 4.10ಕ್ಕೆ ಓಡಿತು. ಮೂವತ್ತೊಂದು ಗಂಟೆ.

ಬೇಗ ಬಂದಿದ್ದೆ. ಮೆಕ್ಯಾನಿಕ್ ಚೀಲ ಕಟ್ಟುತ್ತಿದ್ದರು. ಬಿಳಿ ಮೀಸೆ, ಮೊಣಕೈವರೆಗೆ ಗ್ರೀಸ್. ನಿನ್ನೆ ಬಂದವರೂ ಇವರೇ. ನಾನು ಯಾರೆಂದು ಹೇಳಿದೆ. ನಿನ್ನೆ ಬೆಳಿಗ್ಗೆ ಕ್ಲೋಸ್ ಎಂದು ಹೇಗೆ ಬಂತು ಎಂದು ಕೇಳಿದೆ. ಅಡಗಿಸುವ ಪ್ರಯತ್ನವೇ ಇಲ್ಲ.

"ಕ್ಲೋಸ್ ಮಾಡ್ದಿದ್ರೆ ಫೋನು ಹದಿನೈದು ನಿಮಿಷಕ್ಕೊಂದ್ಸಲ ಬಡ್ಕೊಳ್ಳುತ್ತೆ ಸಾರ್. ತಲುಪು, ಕರೆಂಟು ತೆಗೆದು ಸೇಫ್ ಮಾಡು, ಕ್ಲೋಸ್ ಒತ್ತು. ಆಮೇಲೆ ರಿಪೇರಿಗೆ 'ನಿಗದಿತ ಕೆಲಸ' ಅಂತ ಹೊಸದೊಂದು ತೆಗಿ. ಎರಡು ವರ್ಷದಿಂದ ಹಾಗೇ ಹೇಳಿಕೊಟ್ಟಿರೋದು. ಮುಟ್ಟಿ ಮುಚ್ಚೋದು ಅಂತೀವಿ ನಾವು."

"ಎಲ್ಲಾ ಡಿಪೋದಲ್ಲೂ?"

"ಹೊಳೆಯೋರು ಮಾತ್ರ ಮಾಡಲ್ಲ. ಅಲ್ಲಿನ ಸೂಪರ್‌ವೈಸರ್ ಕ್ಯಾಪ್ಟನ್ ಇದಾರಲ್ಲ. ಮುಟ್ಟಿ ಮುಚ್ಚಿದ್ರೆ ಮೆಕ್ಯಾನಿಕ್‌ನನ್ನೇ ಮುಚ್ಚಿಬಿಡ್ತಾರೆ."

ಅಕ್ಕ ಮನೆಗೆ ಬಂದು ಕುರ್ಚಿಯಲ್ಲಿ ಕೂತು ಗುಂಡಿಯ ಲೆಕ್ಕ ಒಪ್ಪಿಸಿದಳು. ನಲವತ್ತೆಂಟು. ಕೇಳಿಸಿಕೊಂಡೆ. ಮನಸ್ಸಿನಲ್ಲಿ ಒಂದೇ: 'ಬ್ರೇಕ್‌ಡೌನ್ ಕಂಪ್ಲೇಂಟ್ ಮಾತ್ರ'. ಆ ಫಿಲ್ಟರ್ ಹಾಕಿದ್ದು ನನ್ನ ಬೆರಳು. ನಿಗದಿತ ಕೆಲಸವೆಲ್ಲ ಆ ಫಿಲ್ಟರಿನ ಆಚೆ ಉಳಿದಿದೆ. ಹಾಗೆ ಮಾಡದವರು ನನ್ನ ಕೆಂಪು ಸಾಲಿನಲ್ಲಿ ನಿಂತಿದ್ದಾರೆ.

ಪುಸ್ತಕ ತೆರೆಯಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಸಾಫ್ಟ್‌ವೇರ್ ಕಂಪನಿಯ ಕನ್ಸಲ್ಟೆಂಟ್ ಮೇಡಂಗೆ ಎಲ್ಲ ಹೇಳಿದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ವೇಗವಾಗಿ ಮಾತಾಡುತ್ತಾರೆ, ಆದರೆ ಕೇಳುವಾಗ ಪೂರ್ತಿ ಕೇಳುತ್ತಾರೆ.

"ವ್ಯೂ ನಂಬರ್ ಇಪ್ಪತ್ನಾಲ್ಕು ಮುಟ್ಟೋ ಹಾಗಿಲ್ಲ. ಸಹಿ ಆಗಿದೆ. ನೀವೇ ಮಾಡಿಸಿದ ರೂಲು."

"ಗೊತ್ತು."

"ಆದ್ರೆ ಪರ್ಸನಲ್ ವ್ಯೂ ಅಂತ ಒಂದಿದೆ. ನಿಮ್ಮ ಲಾಗಿನ್‌ನಲ್ಲಿ ನಿಮಗೆ ಮಾತ್ರ ಕಾಣೋದು. ಅದಕ್ಕೆ ಯಾರ ಸಹಿನೂ ಬೇಡ. ಏನ್ ಕೇಳ್ಬೇಕು ಅಂತಿದೀರಾ?"

"ಲಿಫ್ಟ್ ಎಷ್ಟು ಹೊತ್ತು ನಿಂತಿತ್ತು ಅಂತ."

ಕೀಬೋರ್ಡ್ ಮೇಲಿಂದ ಕೈ ತೆಗೆದರು. "ಅದನ್ನ ಇಷ್ಟು ದಿನ ಯಾರೂ ಕೇಳಿಲ್ವಾ?"

ಇಲ್ಲ. ನಾನೂ ಸೇರಿ.

ದಾರಿ ಇದೆ. ಅಳತೆಯನ್ನು ಕಂಪ್ಲೇಂಟ್ ಬದಲು ಲಿಫ್ಟ್‌ಗೆ ಕಟ್ಟಬೇಕು. ಒಂದೇ ಲಿಫ್ಟ್‌ನ ಕಂಪ್ಲೇಂಟನ್ನೂ ಅದರ ಬೆನ್ನಿಗೆ ತೆರೆದ ನಿಗದಿತ ಕೆಲಸವನ್ನೂ ಜೋಡಿಸಬೇಕು. ತೊಡಕು: ನಿಗದಿತ ಕೆಲಸಕ್ಕೆ ಲಿಫ್ಟ್ ನಂಬರ್ ಕಡ್ಡಾಯವಲ್ಲ, ವಿಳಾಸ ಗೀಚಿದರೆ ಸಾಕು. ಸಿಟಿ, ಸ್ಟೇಷನ್, ಗುಡ್ಡ ಸೇರಿ ಅಂಥವು 1,140. "ಮೂಲೆ ಬಿಲ್ಡಿಂಗ್". "ಬ್ಯಾಂಕ್ ಹಿಂದೆ". "ಹಳದಿ ಗೇಟು, ನಾಯಿ ಇದೆ".

ಕಂಪ್ಯೂಟರ್ ಇದನ್ನು ಜೋಡಿಸಲಾರದು. ಒಬ್ಬ ಮನುಷ್ಯ ಕೂರಬೇಕು.

ಸೆಪ್ಟೆಂಬರ್ 10

ಸಾಫ್ಟ್‌ವೇರ್‌ನಲ್ಲಿ ಪ್ರತಿ ವ್ಯೂ ಕೆಳಗೆ ಟಿಪ್ಪಣಿಗೆ ಜಾಗವಿದೆ. ಇಪ್ಪತ್ತನಾಲ್ಕರಲ್ಲಿ ಖಾಲಿ ಬಿಟ್ಟಿದ್ದೆ. ಎಲ್ಲದರಲ್ಲೂ ಖಾಲಿ ಬಿಟ್ಟಿದ್ದೇನೆ. ಅಡಿಟಿಪ್ಪಣಿ ಬರೆಯುವವರನ್ನು ಮಾತ್ರ ನಂಬುತ್ತೇನೆ ಎಂದು ಹತ್ತು ದಿನದ ಹಿಂದೆ ಜಂಬ ಕೊಚ್ಚಿದವನು!

ಹೊಸದರ ಟಿಪ್ಪಣಿ ಮೊದಲೇ ಬರೆದೆ: "ಇಲ್ಲಿ 'ಮುಗಿದಿದೆ' ಎಂದರೆ ಕೊನೆಯ ಸಂಬಂಧಿತ ಕೆಲಸದ ಕ್ಲೋಸ್ ಒತ್ತಲಾಗಿದೆ ಎಂದು. ಲಿಫ್ಟ್ ಓಡಿದ್ದಕ್ಕೆ ಇದು ನಮ್ಮ ಬಳಿ ಇರುವ ಅತಿ ಹತ್ತಿರದ ಸಾಕ್ಷಿ."

ಸೆಪ್ಟೆಂಬರ್ 13, ಶನಿವಾರ. ಮಧ್ಯಾಹ್ನ 3

ಹೊಳೆ ಡಿಪೋಗೆ ಹೋಗಿ ಬಂದೆ. ಯಾರೂ ಕಳಿಸಲಿಲ್ಲ. ಈ ಕೆಲಸದ ಹದಿನೇಳು ವರ್ಷದಲ್ಲಿ ಮೊದಲ ಸಲ ಒಂದು ಡಿಪೋ ನೋಡಿದ್ದು.

ಸೇತುವೆ ದಾಟಿದ ಕೂಡಲೇ ತಗಡಿನ ಶೆಡ್. ಗೋಡೆ ತುಂಬ ಉಕ್ಕಿನ ಹಗ್ಗದ ಸುರುಳಿಗಳು, ದಪ್ಪದ ಪ್ರಕಾರ ಸಾಲಾಗಿ. ಕ್ಯಾಪ್ಟನ್ ಎಂದರೆ ಗಂಡಸು ಎಂದುಕೊಂಡಿದ್ದೆ. ಐವತ್ತರ ಹೆಂಗಸು, ಕನ್ನಡಕ ತಲೆಯ ಮೇಲೆ, ಸೊಂಟದಲ್ಲಿ ಸ್ಪ್ಯಾನರ್.

"ಓಹೋ. ನೀವೇನಾ ನಮಗೆ ಕೆಂಪು ಬಣ್ಣ ಬಳಿದೋರು?"

ಹೌದು ಎಂದೆ.

ಅವರು ವ್ಯೂ ನೋಡಿಯೇ ಇರಲಿಲ್ಲ. ಪತ್ರ ಬಂದಿತ್ತು ಅಷ್ಟೇ— 'ಕೆಂಪು ಸಾಲು, ಸಾಧನೆ ತೃಪ್ತಿಕರವಾಗಿಲ್ಲ, ಏಳು ಮಂದಿಗೆ ಮಾತ್ರ ಸಿಟಿಯಲ್ಲಿ ಜಾಗ'. ಫೋನಿನಲ್ಲಿ ತೆರೆದು ತೋರಿಸಿದೆ. ಸುತ್ತ ಏಳೆಂಟು ಜನ ಬಗ್ಗಿದರು.

"ಇಷ್ಟೇನಾ? ಒಂದು ಗೆರೆ?" ಎಂದರು ಕ್ಯಾಪ್ಟನ್. "ಇದಕ್ಕೆ ಹನ್ನೆರಡು ಜನ ಮನೆಗೆ ಹೋಗ್ತಾರಾ?"

ಆರು ಗಂಟೆ ನಲವತ್ತು ಯಾಕೆ ಎಂದು ಕೇಳಿದೆ. ರಿಪೇರಿಗೆ ಸುಮಾರು ನಾಲ್ಕು, ನಾಲ್ಕೂವರೆ ಎಂದರು. ಉಳಿದದ್ದು?

"ಉಳಿದದ್ದು ಕಾಯೋದು. ಕಂಪ್ಲೇಂಟ್ ಕೊಟ್ಟೋರು ಬಂದು ನಮ್ಮ ಜೊತೆ ಒಂದ್ಸಲ ಮೇಲೆ ಹೋಗಿ ಕೆಳಗೆ ಬರ್ಬೇಕು. ಅವ್ರು ಹೂಂ ಅಂದ್ಮೇಲೇ ಕ್ಲೋಸ್."

"ಅವ್ರು ಕೆಲಸಕ್ಕೆ ಹೋಗಿದ್ರೆ?"

"ಬರೋವರೆಗೂ ಓಪನ್."

"ಪಕ್ಕದ ಮನೆಯವರನ್ನ ಹತ್ತಿಸ್ಬಹುದಲ್ಲ?"

"ಲಿಫ್ಟು ಕೆಟ್ಟು ಹೆದರ್ಕೊಂಡೋರು ಅವ್ರಾ?"

ಹಿಂದಿನಿಂದ ಯಾರೋ ನಗುತ್ತ ಕೂಗಿದರು: "ಹಲ್ಲಿನ ಡಾಕ್ಟ್ರ ಕಥೆ ಹೇಳ್ರೀ ಕ್ಯಾಪ್ಟನ್! ಕಂಪ್ಲೇಂಟ್ ಕೊಟ್ಟು ಊರಿಗೆ ಹೋದ್ರು ಸಾರ್. ಲಿಫ್ಟು ನಲವತ್ತು ನಿಮಿಷಕ್ಕೆ ರೆಡಿ. ಮೂರು ದಿನ ಓಪನ್ನೇ!"

ಎಪ್ಪತ್ತೊಂದು ಗಂಟೆಯ ಸಾಲು. ನನಗೆ ಗೊತ್ತು. ಜುಲೈ 18. 'ಅತಿ ವಿಳಂಬ' ಎಂದು ನಾನೇ ಗುರುತು ಹಾಕಿದ್ದೆ.

ಇದರಿಂದ ನಿಮ್ಮ ಅಂಕಿ ಎರಡು ಗಂಟೆಯಷ್ಟು ಉಬ್ಬುತ್ತಿದೆ, ಆ ಕಾಯುವ ಹೊತ್ತನ್ನು ಕಳೆದು ತೋರಿಸಬಹುದು ಎಂದೆ.

"ಕಳೀಬೇಡಿ," ಎಂದರು. "ಒಂದ್ಸಲ ಕಳೆಯೋಕೆ ಶುರು ಮಾಡಿದ್ರೆ ಎಲ್ಲರಿಗೂ ಏನಾದ್ರೂ ಕಳೆಯೋದು ಇರುತ್ತೆ. ಇದ್ದಿದ್ದು ಇದ್ದ ಹಾಗೆ ಹಾಕಿ, ನಿಮ್ಮ ಕೈಲಾದ್ರೆ."

ಮಾತು ಕೊಡಲಿಲ್ಲ. ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಇಡೀ ದಾರಿ ಕಟ್ಟಡಗಳನ್ನೇ ನೋಡಿದೆ. ಎಷ್ಟು ಮಹಡಿ, ಎಷ್ಟು ಮಹಡಿ.

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆ ಏಳಕ್ಕೆ ಲ್ಯಾಪ್‌ಟಾಪ್ ಹಿಡಿದು ಕೂತೆ. ಒಂದು ಗಂಟೆಯಲ್ಲಿ ಒಂಬತ್ತು ವಿಳಾಸ. ಹೀಗಾದರೆ ಡಿಸೆಂಬರ್.

ಅಕ್ಕ ಹೆಗಲ ಮೇಲಿಂದ ಬಗ್ಗಿ ನೋಡಿದಳು. "'ಬ್ಯಾಂಕ್ ಹಿಂದೆ, ಏಳು ಮಹಡಿ.' ಯಾವ ಬೀದಿ?"

"ಬರೆದಿಲ್ಲ."

"ಪಟ್ಟೀಲಿ ಮೇಲಿಂದು ಯಾವುದು, ಕೆಳಗಿಂದು ಯಾವುದು?"

ಓದಿದೆ.

"ಈ ಮೆಕ್ಯಾನಿಕ್ ಪೂರ್ವದಿಂದ ಪಶ್ಚಿಮಕ್ಕೆ ಹೋಗ್ತಾ ಇದಾನೆ. ಕಾಲುವೆ ದಾಟಿಲ್ಲ ಇನ್ನೂ. ಈಚೆ ಕಡೆ ಏಳು ಮಹಡಿದು ಇರೋದೇ ಎರಡು, ಒಂದರ ಮುಂದೆ ಬ್ಯಾಂಕ್ ಇಲ್ಲ. ಬರ್ಕೋ."

ಲಿಫ್ಟ್ ಪಟ್ಟಿಗೆ ತಾಳೆ ನೋಡಿದೆ. ಸರಿ. ಮುಂದಿನದೂ ಸರಿ. ಮೂವತ್ತೆರಡು ವರ್ಷ ಮಕ್ಕಳ ಕೈಲಿ ಈ ಊರಿನ ನಕ್ಷೆ ಬರೆಸಿದವಳು.

ಮಧ್ಯಾಹ್ನದ ಹೊತ್ತಿಗೆ 160.

"ನನಗೇನ್ ಸಂಬಳ?" ಎಂದಳು.

"ಲಿಫ್ಟ್ ಓಡುತ್ತೆ."

"ಅದು ನೀವು ಮೊದಲೇ ಕೊಡ್ಬೇಕಾಗಿದ್ದು."

ಸೆಪ್ಟೆಂಬರ್ 16

391. ಅಕ್ಕನ ಗಂಟಲು ಕಟ್ಟಿದೆ. ನಿಲ್ಲಿಸು ಎಂದರೆ ಕೇಳುವುದಿಲ್ಲ. ಪೆನ್ಸಿಲ್‌ನಿಂದ ಮೇಜು ಕುಟ್ಟಿ "ಮುಂದಿಂದು" ಎನ್ನುತ್ತಾಳೆ. ನಾನು ನಾಲ್ಕನೆಯ ತರಗತಿಯವನಾಗಿದ್ದೇನೆ.

ಸೆಪ್ಟೆಂಬರ್ 24, ಬುಧವಾರ. ಬೆಳಿಗ್ಗೆ 6.15

ಮುಗಿಯಿತು. 1,140ರಲ್ಲಿ 1,121 ಜೋಡಿಯಾದವು. ಉಳಿದ ಹತ್ತೊಂಬತ್ತು ಗೊತ್ತಾಗಲಿಲ್ಲ ಎಂದು ಟಿಪ್ಪಣಿಯಲ್ಲಿ ಬರೆದೆ. 'ಹಳದಿ ಗೇಟು, ನಾಯಿ ಇದೆ' ಅದರಲ್ಲೊಂದು. ಅಕ್ಕನಿಗೆ ಅದೊಂದು ಸೋಲು. ಇವತ್ತೂ ಆಟೋ ಮಾಡಿಕೊಂಡು ಹೋಗಿ ನೋಡುತ್ತೇನೆ ಎನ್ನುತ್ತಾಳೆ.

ವ್ಯೂ ತೆರೆಯಿತು. ಹನ್ನೊಂದು ಸೆಕೆಂಡ್.

ಜುಲೈ, ಆಗಸ್ಟ್. ಲಿಫ್ಟ್ ನಿಂತ ಸರಾಸರಿ ಹೊತ್ತು, ಗಂಟೆಗಳಲ್ಲಿ:

ಸಿಟಿ 27.4. ಸ್ಟೇಷನ್ 19.1. ಗುಡ್ಡ 12.8. ಹೊಳೆ 6.7.

ಆರು ಗಂಟೆ ನಲವತ್ತು ನಿಮಿಷ ಅಂದರೆ 6.7. ಹೊಳೆ ಡಿಪೋದ ಅಂಕಿ ಒಂದು ಕೂದಲಷ್ಟೂ ಅಲುಗಲಿಲ್ಲ. ಯಾವ ಕಿಟಕಿಯಿಂದ ನೋಡಿದರೂ ಅದೇ. ಸುತ್ತಲಿನದೆಲ್ಲ ಜಾರಿ ಕೆಳಗೆ ಬಿತ್ತು.

ಎದ್ದು ಬಾಲ್ಕನಿಗೆ ಹೋಗಿ ಬಂದೆ. ಮತ್ತೆ ನೋಡಿದೆ. 6.7.

ಅಕ್ಕನನ್ನು ಎಬ್ಬಿಸಿ ತೋರಿಸಿದೆ. ಕನ್ನಡಕ ಹುಡುಕಿಕೊಂಡು ಓದಿದಳು. "ಎಷ್ಟು ಸೊಗಸಾಗಿದೆ ಕಣೋ" ಎಂದಳು. ನನ್ನ ಕೆಲಸದ ಬಗ್ಗೆ ಅವಳು ಈ ಪದ ಬಳಸಿದ್ದು ಇದೇ ಮೊದಲು.

ಸೆಪ್ಟೆಂಬರ್ 26, ಶುಕ್ರವಾರ. ಸಂಜೆ 5.45

ನಿಧಾನವಾಗಿ, ಕ್ರಮವಾಗಿ ಬರೆಯಬೇಕು. ಕೈ ಓಡುತ್ತಿದೆ.

ಹತ್ತು ಗಂಟೆ. ದೊಡ್ಡ ಮೇಜು. ಮೇಜಿನ ತುದಿಗೆ ನಮ್ಮ ಡೈರೆಕ್ಟರ್— ಎಲ್ಲರೂ 'ದೊಡ್ಡವರು' ಎನ್ನುತ್ತಾರೆ. ಅವರ ಬಲಕ್ಕೆ ಸ್ಟಾಪ್‌ವಾಚ್. ನಾಲ್ಕು ಡಿಪೋ ಮೇಲ್ವಿಚಾರಕರು. ಕ್ಯಾಪ್ಟನ್ ಇಸ್ತ್ರಿ ಮಾಡಿದ ಯೂನಿಫಾರಂನಲ್ಲಿ, ಬಾಗಿಲ ಬಳಿ. ಕನ್ಸಲ್ಟೆಂಟ್ ಮೇಡಂ. ಪರದೆ ಓಡಿಸಲು ನಾನು. ಇಂಥ ಮೀಟಿಂಗ್‌ಗಳಲ್ಲಿ ನಾನು ಬಾಯಿ ತೆರೆಯುವುದು "ಮುಂದಿನ ಸ್ಲೈಡ್ ಹಾಕ್ಲಾ ಸಾರ್" ಎನ್ನಲು ಮಾತ್ರ.

ಇಪ್ಪತ್ತನಾಲ್ಕು ಪರದೆಗೆ ಬಂತು. ಕೆಂಪು ಸಾಲು. ಸ್ಟಾಪ್‌ವಾಚ್ ಹೆಚ್ಚು ಮಾತಾಡಲಿಲ್ಲ. "ನಂಬರ್ ಕಣ್ಣಮುಂದಿದೆ ಸಾರ್."

ದೊಡ್ಡವರು ಕ್ಯಾಪ್ಟನ್ ಕಡೆ ತಿರುಗಿದರು. "ಏನಮ್ಮಾ, ಹೇಳೋದು ಇದ್ಯಾ?"

"ನಮ್ಮ ನಂಬರ್ ಸರಿಯಾಗೇ ಇದೆ ಸಾರ್."

ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ.

ಎದ್ದು ನಿಂತೆ. ಯಾಕೆ ಎದ್ದೆನೋ, ಕೂತೇ ಹೇಳಬಹುದಿತ್ತು. "ಸಾರ್, ಒಂದು ಸಾಲು ಬಿಚ್ಚಿ ತೋರಿಸ್ತೀನಿ."

ಸಿಟಿಯ ಹಸಿರಿನ ಮೇಲೆ ಒತ್ತಿದೆ. ಸೆಪ್ಟೆಂಬರ್ 4. ನಮ್ಮ ಕಟ್ಟಡ. 9.10ರಿಂದ 9.34. "ಇಪ್ಪತ್ನಾಲ್ಕು ನಿಮಿಷ ಅಂತ ಇದೆ ಸಾರ್. ಈ ಲಿಫ್ಟ್ ಓಡಿದ್ದು ಮಾರನೇ ದಿನ 4.10ಕ್ಕೆ." ನಿಗದಿತ ಕೆಲಸದ ಚೀಟಿ ತೆರೆದು ಪಕ್ಕದಲ್ಲಿಟ್ಟೆ. ಆಮೇಲೆ ನನ್ನ ಪರ್ಸನಲ್ ವ್ಯೂ.

ಹನ್ನೊಂದು ಸೆಕೆಂಡ್. ಫ್ಯಾನಿನ ಸದ್ದು.

27.4. 19.1. 12.8. 6.7.

ಮೊದಲು ಮಾತಾಡಿದ್ದು ಸ್ಟಾಪ್‌ವಾಚ್. "ಸೇಫ್ ಮಾಡಿದ್ಮೇಲೆ ಬ್ರೇಕ್‌ಡೌನ್ ಮುಗೀತು ಸಾರ್. ಆಮೇಲಿಂದು ರಿಪೇರಿ. ಬೇರೆ ಬೇರೆ."

"ಲಿಫ್ಟ್ ಓಡ್ತಿತ್ತಾ?" ದೊಡ್ಡವರು.

"ಸೇಫ್ ಆಗಿತ್ತು ಸಾರ್."

"ಓಡ್ತಿತ್ತಾ?"

ಬಾಗಿಲ ಬಳಿಯಿಂದ ಕ್ಯಾಪ್ಟನ್: "ನಿಂತಿರೋ ಲಿಫ್ಟ್‌ಗಿಂತ ಸೇಫ್ ಯಾವುದಿದೆ ಸಾರ್."

ಗುಡ್ಡದ ಮೇಲ್ವಿಚಾರಕರು ಕೆಮ್ಮಿನಂತೆ ನಕ್ಕರು.

ಸ್ಟಾಪ್‌ವಾಚ್ ಮುಖ ಕೆಂಪಾಯಿತು. "ಇದು ಇವರ ಸ್ವಂತ ಬಿಲ್ಡಿಂಗ್ ಸಾರ್! ಮನೆ ಲಿಫ್ಟ್ ಕೆಟ್ಟ ಸಿಟ್ಟಿಗೆ ವ್ಯೂ ಕಟ್ಕೊಂಡು ಬಂದಿದಾರೆ."

ಈ ಮಾತು ಬರುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದರೂ ಕಿವಿ ಬಿಸಿಯಾಯಿತು. ಕಾಲಂಗೆ ಸೆಪ್ಟೆಂಬರ್ ಸೇರಿಸಿದೆ. ಮೂರು ತಿಂಗಳು, ಸಿಟಿಯ 412 ಕಂಪ್ಲೇಂಟ್, ಸರಾಸರಿ ಮತ್ತೆ 27.4. ಫಿಲ್ಟರ್ ತೆರೆದು ನಮ್ಮ ಕಟ್ಟಡದ ಗುರುತು ತೆಗೆದೆ. ಹನ್ನೊಂದು ಸೆಕೆಂಡ್. 411 ಕಂಪ್ಲೇಂಟ್. 27.4.

"ಎರಡನೇ ದಶಾಂಶದಲ್ಲಿ ಒಂದು ಕಮ್ಮಿ ಆಗಿದೆ ಸಾರ್," ಎಂದೆ. "ಬೇಕಿದ್ರೆ ತೋರಿಸ್ತೀನಿ."

ಈ ಸಲ ಯಾರೂ ಕೆಮ್ಮಿನಂತೆ ನಗಲಿಲ್ಲ. ನಕ್ಕೇಬಿಟ್ಟರು. ಕನ್ಸಲ್ಟೆಂಟ್ ಮೇಡಂ ಮೇಜಿಗೆ ಬೆರಳಿಂದ ತಾಳ ಹಾಕಿದರು. ದೊಡ್ಡವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು:

"ಕೆಳಗೆ ಸಣ್ಣಕ್ಷರದಲ್ಲಿ ಏನಿದೆ?"

ಟಿಪ್ಪಣಿ. ಓದಿದೆ. ಜೋಡಿಯಾಗದ ಹತ್ತೊಂಬತ್ತರ ವಿಷಯವನ್ನೂ. ಹೊಳೆ ಡಿಪೋದವರು ದೂರು ಕೊಟ್ಟವರನ್ನು ಹತ್ತಿಸಿ ಇಳಿಸಿದ ಮೇಲೆಯೇ ಕ್ಲೋಸ್ ಒತ್ತುತ್ತಾರೆ, ಆದ್ದರಿಂದ 6.7ರಲ್ಲಿ ಸುಮಾರು ಎರಡು ಗಂಟೆ ಬರೀ ಕಾಯುವುದೇ ಎಂಬುದನ್ನೂ.

"ಅದನ್ನ ಕಳೆದಿಲ್ವಾ?"

"ಇಲ್ಲ ಸಾರ್. ಅವರೇ ಬೇಡ ಅಂದ್ರು."

ದೊಡ್ಡವರು ಕನ್ನಡಕ ಹಾಕಿಕೊಂಡು ನಾಲ್ಕೂ ಅಂಕಿ ಮತ್ತೊಮ್ಮೆ ಓದಿದರು. ಆಮೇಲೆ ಕ್ಯಾಪ್ಟನ್‌ಗೆ: "ಆ ಪತ್ರ ವಾಪಸ್ ತಗೊಳ್ತೀನಿ. ಡಿಪೋ ಇರುತ್ತೆ. ಹತ್ತೊಂಬತ್ತು ಜನಾನೂ ಇರ್ತಾರೆ. ಒಬ್ಬರೂ ಅಲ್ಲಾಡಲ್ಲ."

"ಬರೆದುಕೊಡಿ ಸಾರ್," ಎಂದರು ಕ್ಯಾಪ್ಟನ್.

ಅಲ್ಲೇ ಬರೆದುಕೊಟ್ಟರು.

ಮನೆಗೆ ಬಂದು ಹೇಳಿದರೆ ಅಕ್ಕ ಇಡೀ ಕಥೆ ಎರಡು ಸಲ ಹೇಳಿಸಿಕೊಂಡಳು. ಎರಡನೆಯ ಸಲ ನಡುವೆ ತಡೆದಳು: "ತಾಳು, ತಾಳು. 'ಬೇಕಿದ್ರೆ ತೋರಿಸ್ತೀನಿ'— ನೀನಾ? ಎಲ್ಲರ ಎದುರಿಗೆ?"

ನಾನೇ.

ಸೆಪ್ಟೆಂಬರ್ 27

ಬೆಳಿಗ್ಗೆ ಕ್ಯಾಪ್ಟನ್ ಫೋನ್. "ಸ್ಪೀಕರ್ ಹಾಕಿದೀನಿ, ಮಾತಾಡಿ." ಏನು ಮಾತಾಡುವುದು? ನಮಸ್ಕಾರ ಎಂದೆ. ಹತ್ತೊಂಬತ್ತು ಜನ ಒಟ್ಟಿಗೆ ಕಿರುಚಿದರು. ಫೋನ್ ಕಿವಿಯಿಂದ ಒಂದು ಮೊಳ ದೂರ ಹಿಡಿಯಬೇಕಾಯಿತು. ಅಡುಗೆಮನೆಯಿಂದ ಅಕ್ಕ ಓಡಿ... ಓಡಿ ಅಲ್ಲ, ಬೇಗ ನಡೆದು ಬಂದಳು. ಮೂರು ತಿಂಗಳಲ್ಲಿ ಅಷ್ಟು ವೇಗ ನೋಡಿರಲಿಲ್ಲ.

ಸೆಪ್ಟೆಂಬರ್ 30

ಸ್ಟಾಪ್‌ವಾಚ್ ನನ್ನ ಮೇಜಿಗೆ ಬಂದರು. ಇಷ್ಟು ವರ್ಷದಲ್ಲಿ ಕರೆಸಿಕೊಳ್ಳುತ್ತಿದ್ದರು, ಬರುತ್ತಿರಲಿಲ್ಲ. ನಿಂತೇ ಇದ್ದರು.

"ಆ ಫೋನ್ ಬೀಪ್ ಇದ್ಯಲ್ಲ. ಎರಡು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ಬೈಕ್ ಓಡಿಸ್ತಾ ಅದನ್ನ ನೋಡೋಕೆ ಹೋಗಿ ಬಿದ್ದ. ಅದಕ್ಕೇ ಹೇಳಿದ್ದು, ಕ್ಲೋಸ್ ಮಾಡ್ಕೊಳ್ರಪ್ಪಾ, ಆಮೇಲೆ ಇನ್ನೊಂದು ತೆಗೀರಿ ಅಂತ. ಆಮೇಲೆ ನಂಬರ್ ಚೆನ್ನಾಗಿ ಬರೋಕೆ ಶುರುವಾಯ್ತು. ಚೆನ್ನಾಗಿ ಬಂದಾಗ ಯಾರು ಕೇಳ್ತಾರೆ ಹೇಳಿ."

"ನಾನೂ ಕೇಳ್ಲಿಲ್ಲ ಸಾರ್."

ತಲೆಯಾಡಿಸಿದರು. ಬೀಪ್ ಅನ್ನು ತೆಗೆಸಲು ಎಷ್ಟು ಹೊತ್ತು ಎಂದು ಕೇಳಿದರು. ಸೆಟ್ಟಿಂಗ್ಸ್‌ನಲ್ಲಿ ಒಂದು ಗುರುತು, ಅಷ್ಟೇ. ತೆಗೆದೆ.

ಅಕ್ಟೋಬರ್ 4, ಶನಿವಾರ. ಸಂಜೆ 6

ನನ್ನ ವ್ಯೂ ಇನ್ನು ಪರ್ಸನಲ್ ಅಲ್ಲ. ಹಳೆಯ ಇಪ್ಪತ್ತನಾಲ್ಕನ್ನು ತೆಗೆದು ಆ ಜಾಗಕ್ಕೆ ಇದನ್ನೇ ಹಾಕಲು ದೊಡ್ಡವರು ಸಹಿ ಮಾಡಿದರು. ಟಿಪ್ಪಣಿ ಸಮೇತ.

"ಒಂದೇ ಬಾಕಿ," ಎಂದರು. "ಪರ್ಮಿಷನ್. ಯಾರ್ಯಾರಿಗೆ ಕಾಣ್ಬೇಕು? ಹಳೇದರ ಹಾಗೇ ಮ್ಯಾನೇಜರ್‌ಗಳಿಗೆ ಸಾಕಲ್ವಾ? ಯೋಚನೆ ಮಾಡಿ ಸೋಮವಾರ ಪಟ್ಟಿ ತನ್ನಿ."

ಹಳೆಯ ಪಟ್ಟಿ ತೆಗೆದು ನೋಡಿದೆ. ಒಂಬತ್ತು ಹೆಸರು. ಕೊನೆಯದು ನನ್ನದು. ಈ ಒಂಬತ್ತರಲ್ಲಿ ಒಬ್ಬರಿಗೂ ಅಂಕಿ ತಪ್ಪಿದೆ ಎಂದು ಗೊತ್ತಾಗಲಿಲ್ಲ. ಬಿಳಿ ಮೀಸೆಯವರಿಗೆ ಎರಡು ವರ್ಷದಿಂದ ಗೊತ್ತಿತ್ತು. ಅವರಿಗೆ ಅಂಕಿ ಕಾಣುತ್ತಿರಲಿಲ್ಲ. ಕ್ಯಾಪ್ಟನ್ ತಮ್ಮ ಸಾಲನ್ನು ಮೊದಲು ನೋಡಿದ್ದು ನನ್ನ ಫೋನಿನಲ್ಲಿ, ಅದೂ ನಾನು ಬಸ್ ಹತ್ತಿ ಹೋದದ್ದರಿಂದ. ಅಕ್ಕನಿಗಂತೂ ಹತ್ತು ಗಂಟೆಗೇ ಗೊತ್ತಿತ್ತು, ಟೈಲರಮ್ಮನ ಮನೆಯಲ್ಲಿ, ಹನ್ನೆರಡನೆಯ ಗುಂಡಿಯ ಹೊತ್ತಿಗೆ.

ಇವತ್ತು ಮಧ್ಯಾಹ್ನ ಮೂರು ಪಟ್ಟಿ ಬರೆದು ಹರಿದೆ. ಮೊದಲನೆಯದರಲ್ಲಿ ನಾಲ್ಕು ಮೇಲ್ವಿಚಾರಕರೂ ಸೇರಿ ಹದಿಮೂರು ಹೆಸರು. ಎರಡನೆಯದರಲ್ಲಿ ಪ್ರತಿ ಡಿಪೋದಿಂದ ಒಬ್ಬ ಹಿರಿಯ ಮೆಕ್ಯಾನಿಕ್. ಮೂರನೆಯದರಲ್ಲಿ 'ಕೇಳಿದವರಿಗೆ'. ಯಾರು ಕೇಳುತ್ತಾರೆ, ಇದೆಯೆಂದೇ ಗೊತ್ತಿಲ್ಲದಿದ್ದರೆ?

ನಾಲ್ಕನೆಯದು ಚೀಲದಲ್ಲಿದೆ. ಹೆಸರುಗಳಿಲ್ಲ, ಎರಡು ಸಾಲು. ನಾಲ್ಕೂ ಡಿಪೋಗಳ ಎಲ್ಲ ಮೆಕ್ಯಾನಿಕ್‌ಗಳು, ಇಡೀ ವ್ಯೂ. ಆಯಾ ಕಟ್ಟಡದಲ್ಲಿ ಲಿಫ್ಟ್ ಹತ್ತುವ ಯಾರೇ ಆಗಲಿ, ತಮ್ಮ ಲಿಫ್ಟ್‌ನ ಸಾಲು— ಲಿಫ್ಟ್ ಒಳಗೇ ಒಂದು ಚೀಟಿ ಅಂಟಿಸಿದರೆ ಆಯಿತು.

"ಎಲ್ಲರಿಗೂ ಅಂದ್ರೆ ಎಲ್ಲರಿಗೂನಾ?" ಎಂದು ದೊಡ್ಡವರು ಕೇಳುತ್ತಾರೆ. ಮೊದಲ ತಿಂಗಳು ಫೋನ್ ನಿಲ್ಲುವುದಿಲ್ಲ ಎನ್ನುತ್ತಾರೆ. ನಿಜವೇ. ಇಂಥದ್ದಕ್ಕೆ ಸಾಮಾನ್ಯವಾಗಿ "ನೀವು ಹೇಳಿದ ಹಾಗೆ ಸಾರ್" ಎಂದು ಬರುವವನು ನಾನು. ಸೋಮವಾರ ಹಾಗೆ ಅನ್ನುವುದಿಲ್ಲ. ಒಂಬತ್ತೂವರೆಗೆ ಅವರ ಬಾಗಿಲು ತಟ್ಟಿ, ಹಾಳೆಯನ್ನು ಮೇಜಿನ ಮೇಲಿಟ್ಟು, ಕೂರಿ ಎನ್ನುವ ಮುಂಚೆಯೇ ಕೂತು, ಮೊದಲ ವಾಕ್ಯ ಹೇಳುತ್ತೇನೆ: "ಎಲ್ಲರಿಗೂ ಅಂದ್ರೆ ಎಲ್ಲರಿಗೂ ಸಾರ್."